ಸ್ವಲ್ಪ ಸರಿದು ನಿಲ್ಲಿ, ಚಕ್ರ ಕಾಣುವುದಿಲ್ಲ

ನಮ್ಮ ಭಾವನಿಗೆ, ಅಂದರೆ ನನ್ನ ಗಂಡನ ಅಣ್ಣನಿಗೆ, ಮನುಷ್ಯರ ಮುಖ ನೆನಪಿರುತ್ತಿರಲಿಲ್ಲ. ಅವರಿಗೇನೋ ಮರೆವಿನ ರೋಗ ಎಂದು ತಿಳಿಯಬೇಡಿ! ಮೂಡುಬಿದಿರೆಯಿಂದ ಬಂಟ್ವಾಳದವರೆಗೆ ಯಾವ ಟ್ರಾನ್ಸ್‌ಫಾರ್ಮರಿನ ಹೊಟ್ಟೆಯಿಂದ ಎಣ್ಣೆ ಜಿನುಗುತ್ತದೆ, ಯಾವ ಲೈಟುಕಂಬ ಎಡಕ್ಕೆ ವಾಲಿದೆ, ಯಾವ ಹಂಚಿನ ಕಾರ್ಖಾನೆಯ ಚಿಮಣಿಯ ತುದಿಯಲ್ಲಿ ಅಶ್ವತ್ಥದ ಗಿಡ ಹುಟ್ಟಿಕೊಂಡಿದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ನನ್ನನ್ನು ಮಾತ್ರ, ಮದುವೆಯಾಗಿ ಅದೇ ಮನೆಗೆ ಬಂದು ಅವರಿಗೆ ದಿನಾ ಅನ್ನ ಬಡಿಸುತ್ತಿದ್ದವಳನ್ನು, ಪೇಟೆಯಲ್ಲಿ ಕಂಡಾಗ "ನಿಮ್ಮನ್ನು ಎಲ್ಲಿಯೋ ನೋಡಿದ ಹಾಗೆ ಉಂಟಲ್ಲ!" ಎಂದಿದ್ದರು.

ಇಂಥವರು ಹೊಟ್ಟೆಪಾಡಿಗೆ ಏನು ಮಾಡಬೇಕಿತ್ತು ಹೇಳಿ? ಏನಾದರೂ ಮಾಡಬಹುದಿತ್ತು, ಫೋಟೊ ಹಿಡಿಯುವುದೊಂದನ್ನು ಬಿಟ್ಟು. ಅವರು ಅದನ್ನೇ ಹಿಡಿದರು! ಮೂಡುಬಿದಿರೆ ಪೇಟೆಯಲ್ಲಿ ಅವರದೊಂದು ಸಣ್ಣ ಸ್ಟುಡಿಯೋ ಇತ್ತು. ಬೇರೆಯವರ ಸ್ಟುಡಿಯೋಗಳಲ್ಲಿ ಹಿಂದಿನ ಪರದೆಯ ಮೇಲೆ ಸರೋವರ, ಹಂಸ, ಹಿಮದ ಬೆಟ್ಟ ಇರುತ್ತಿದ್ದವು. ನಮ್ಮಲ್ಲಿ ಅಣೆಕಟ್ಟು! ಅದರ ಬುಡದಲ್ಲಿ ಪವರ್ ಹೌಸು, ಅಲ್ಲಿಂದ ಸಾಲಾಗಿ ಹೊರಟ ದೊಡ್ಡ ದೊಡ್ಡ ಟವರುಗಳು. ಬಣ್ಣ ತುಂಬಿದವರು ಸ್ವತಃ ಭಾವ. ಹೊಸ ಜೋಡಿ ಅದರ ಮುಂದೆ ಕುಳಿತರೆ ಹೆಂಡತಿಯ ಮುಡಿಯಿಂದ ಹೊರಟ ತಂತಿ ಗಂಡನ ಕಿವಿಯೊಳಗೆ ಹೋಗುತ್ತಿತ್ತು.

ಒಮ್ಮೆ ಒಬ್ಬರು ತಮ್ಮ ಮಗಳ ಫೋಟೊ ಅಲ್ಲಿ ಹಿಡಿಸಿ ಸಂಬಂಧಕ್ಕೆಂದು ಕಳಿಸಿದರು. ಗಂಡಿನ ಕಡೆಯವರು "ಹುಡುಗಿಗೆ ಕರೆಂಟ್ ಆಫೀಸಿನಲ್ಲಿ ಕೆಲಸವಾ?" ಎಂದು ಕೇಳಿ ಕಳಿಸಿದರಂತೆ. ತಂದೆ ಕೆಂಡವಾಗಿ ಬಂದರು. ಭಾವ ಕಣ್ಣು ಮಿಟುಕಿಸದೆ ಹೇಳಿದರು: "ಬೇಸರ ಮಾಡ್ಬೇಡಿ ಮಾರಾಯ್ರೆ. ಆ ಟವರು ನೋಡಿಯೂ ಒಪ್ಪದವನಿಗೆ ಯಾಕೆ ಹೆಣ್ಣು ಕೊಡ್ತೀರಿ?" ಕೊನೆಗೆ ಆ ಹುಡುಗಿಯನ್ನು ಮೆಚ್ಚಿ ಮದುವೆಯಾದವನು ಯಾರು ಅಂತೀರಿ? ಲೈನ್‌ಮ್ಯಾನ್!

ನನ್ನ ಮದುವೆಯ ಕಥೆ ಕೇಳಿ. ಮಡಂತ್ಯಾರಿನ ನನ್ನ ತವರುಮನೆಯ ಅಂಗಳದಲ್ಲಿ ಚಪ್ಪರ. ಕರೆಂಟು ಕೈಕೊಟ್ಟೀತೆಂದು ಅಪ್ಪ ಜನರೇಟರ್ ತರಿಸಿದ್ದರು. ಮದುವೆ ಮುಗಿದು ಆಲ್ಬಮ್ ಬಂತು. ತೆರೆದರೆ ಮೊದಲ ಪುಟದಲ್ಲಿ ಜನರೇಟರ್, ಎದುರಿನಿಂದ. ಎರಡನೆಯ ಪುಟದಲ್ಲಿ ಜನರೇಟರ್, ಬಲಬದಿಯಿಂದ. ಹಾಳೆ ಮಗುಚಿ ಮಗುಚಿ ಕೊನೆಗೆ ಒಂದು ಕಡೆ ಧಾರೆಯ ಚಿತ್ರ ಸಿಕ್ಕಿತು. ಅದರಲ್ಲಿಯೂ ನನ್ನ ಅರ್ಧ ಮುಖದ ಮೇಲೆ ಜನರೇಟರಿನ ಹೊಗೆ! ನಾನು ಅತ್ತೇಬಿಟ್ಟೆ. ಭಾವನಿಗೆ ನಿಜವಾಗಿಯೂ ಆಶ್ಚರ್ಯ.

"ಅಳುವುದೆಂತಕೆ? ಅದು ಇಲ್ಲದಿದ್ದರೆ ನಿಮ್ಮ ಮುಖ ಯಾರಿಗೆ ಕಾಣ್ತಿತ್ತು?"

ಭಾವನ ಹೆಂಡತಿಯನ್ನು ನಾನು ಅಕ್ಕ ಎಂದೇ ಕರೆಯುತ್ತಿದ್ದೆ. ಅಕ್ಕ ನನ್ನ ಕಣ್ಣೊರೆಸುತ್ತಾ, "ನೀನು ಪುಣ್ಯವಂತೆ ಮಾರಾಯ್ತಿ, ನಿನ್ನದು ಅರ್ಧ ಮುಖವಾದರೂ ಬಂದಿದೆ. ನನ್ನ ಆಲ್ಬಮ್ಮಿನಲ್ಲಿ ಇರುವುದು ಬರೀ ಮೈಕಿನ ಹಾರ್ನು," ಎಂದರು. ಅವರ ಮದುವೆಯ ಫೋಟೊ ಹಿಡಿದವರು ಮದುಮಗನ ಸ್ನೇಹಿತರು. ಎಲ್ಲಿ ಗುರಿ ಇಡಬೇಕೆಂದು ತೋರಿಸಿಕೊಟ್ಟವರು ಮಂಟಪದಲ್ಲಿ ಕುಳಿತಿದ್ದ ಮದುಮಗನೇ!

ಶಿರ್ತಾಡಿಯ ಸಂಬಂಧಿಕರ ಮನೆಯಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವ ದಿನ ನಡೆದದ್ದು ಇನ್ನೂ ಚೆಂದ. ಆ ಮನೆಯವರು ದನದ ಹಟ್ಟಿಯ ಪಕ್ಕ ಹೊಸದಾಗಿ ಗೋಬರ್ ಗ್ಯಾಸ್ ಮಾಡಿಸಿದ್ದರು. ಭಾವ ತೊಟ್ಟಿಲಿನ ಕಡೆ ತಲೆಹಾಕದೆ ನೆಟ್ಟಗೆ ಹಿತ್ತಿಲಿಗೆ ಹೋಗಿ ಸಗಣಿ ಗುಂಡಿಯ ಪಕ್ಕ ಕುಕ್ಕರುಗಾಲಲ್ಲಿ ಕುಳಿತರು. ಅನಿಲ ತುಂಬಿದ ಹಾಗೆ ಕಬ್ಬಿಣದ ಡ್ರಮ್ಮು ಮೆಲ್ಲಮೆಲ್ಲನೆ ಮೇಲೇಳುತ್ತದಲ್ಲ, ಅದನ್ನು ಹಿಡಿಯಬೇಕಂತೆ. ಮಗುವಿನ ಅಜ್ಜಿ ಹುಡುಕಿಕೊಂಡು ಬಂದರು.

"ಎಷ್ಟು ಚಂದ ಉಂಟು ಅಜ್ಜಿ! ತೂಕ ಎಷ್ಟು?"

"ಏಳು ಪೌಂಡ್," ಎಂದರು ಅಜ್ಜಿ ಹೆಮ್ಮೆಯಿಂದ.

"ಇಷ್ಟು ದೊಡ್ಡ ಡ್ರಮ್ಮು ಏಳೇ ಪೌಂಡಾ?"

ಅಜ್ಜಿ ಆಮೇಲೆ ಊರಿಡೀ ಹೇಳಿಕೊಂಡು ಬಂದರು, ಮೂಡುಬಿದಿರೆಯ ಫೋಟೊದವನಿಗೆ ಸ್ವಲ್ಪ ಸರಿ ಇಲ್ಲ ಎಂದು.

ನಾನು ಈ ಮನೆಗೆ ಬರುವ ಮೊದಲು, ಗಡಿಯಲ್ಲಿ ಯುದ್ಧ ನಡೆಯುತ್ತಿದ್ದ ಕಾಲದಲ್ಲಿ, ಭಾವ ಬಂಟ್ವಾಳದ ಹತ್ತಿರ ಹೊಳೆಗೆ ಇಳಿದು ಸೇತುವೆಯ ಕಾಲುಗಳ ಚಿತ್ರ ತೆಗೆಯುತ್ತಿದ್ದರಂತೆ. ಗೂಢಚಾರನೆಂದು ಪೊಲೀಸರು ಎಳೆದುಕೊಂಡು ಹೋದರು. ಅಕ್ಕ ಗಾಬರಿಯಿಂದ ಓಡಿದರು. ಠಾಣೆಗೆ ಹೋಗಿ ನೋಡಿದರೆ ಭಾವ ಇನ್‌ಸ್ಪೆಕ್ಟರನ್ನು ಬದಿಗೆ ಸರಿಸಿ ಠಾಣೆಯ ವೈರ್‌ಲೆಸ್ ಪೆಟ್ಟಿಗೆಯ ಚಿತ್ರ ತೆಗೆಯುತ್ತಿದ್ದಾರೆ! "ಇವರನ್ನು ದಯಮಾಡಿ ಕರ್ಕೊಂಡು ಹೋಗಿಯಮ್ಮ," ಎಂದು ಇನ್‌ಸ್ಪೆಕ್ಟರೇ ಕೈಮುಗಿದರಂತೆ.

ಹೀಗೆ ನಗುತ್ತಾ, ಬೈಯುತ್ತಾ ಅವರ ಜೊತೆ ಕಾಲ ಹಾಕುತ್ತಿದ್ದೆವು. ಆಗ ಬಂತು ನೋಡಿ ಅವರ ದಿನ!

ನನ್ನ ಅಣ್ಣ ಬೆಳ್ತಂಗಡಿ ತಾಲೂಕಿನಲ್ಲಿ ಘಟ್ಟದ ಬುಡದ ಒಂದು ಶಾಲೆಗೆ ಮಾಸ್ಟರು. ಒಂದು ಭಾನುವಾರ ನಮ್ಮಲ್ಲಿಗೆ ಊಟಕ್ಕೆ ಬಂದಿದ್ದವನು ಮಾತಿನ ನಡುವೆ, "ನಮ್ಮ ಊರಿಗೆ ಇನ್ನೂ ಕಂಬವೇ ಬರಲಿಲ್ಲ. ಆದರೂ ಒಂದು ಮನೆಯಲ್ಲಿ ಬಲ್ಬು ಉರೀತದೆ," ಎಂದ. ಭಾವನ ಬಾಯಿಯ ಹತ್ತಿರ ಹೋಗಿದ್ದ ತುತ್ತು ಬಾಳೆಲೆಗೆ ವಾಪಸು ಬಂತು.

"ಕಂಬ ಇಲ್ಲದೆ ಬಲ್ಬಾ?"

ಅದು ಸುಂದರಿಯಕ್ಕ ಎಂಬ ಹೆಂಗಸಿನ ಮನೆ. ಅವರ ಗಂಡ ಬಂಟ್ವಾಳದ ಹಂಚಿನ ಕಾರ್ಖಾನೆಯಲ್ಲಿ ಯಂತ್ರ ರಿಪೇರಿ ಮಾಡುತ್ತಿದ್ದವರು. ಕೆಲಸ ಬಿಟ್ಟು ಊರಿಗೆ ಬಂದ ಮೇಲೆ, ಮನೆಯ ಪಕ್ಕ ಘಟ್ಟದಿಂದ ಹರಿದು ಬರುವ ತೋಡಿನ ನೀರನ್ನು ದಂಬೆಯಲ್ಲಿ, ಅಂದರೆ ಸೀಳಿದ ಅಡಿಕೆ ಮರದ ಕಾಲುವೆಯಲ್ಲಿ, ತಂದು ಮರದ ಚಕ್ರದ ಮೇಲೆ ಬೀಳಿಸಿದರು. ಚಕ್ರಕ್ಕೊಂದು ಹಳೆಯ ಬೆಲ್ಟು, ಬೆಲ್ಟಿಗೊಂದು ಲಾರಿಯ ಡೈನಮೋ, ಅದರಿಂದ ಅಡುಗೆಮನೆಗೊಂದು ಲಾರಿಯ ಬಲ್ಬು. ಹಿಂದಿನ ಮಳೆಗಾಲದಲ್ಲಿ ಅವರು ಜ್ವರ ಬಂದು ತೀರಿಹೋದರು. ಚಕ್ರ ತಿರುಗುತ್ತಲೇ ಇತ್ತು.

ಆದರೆ ಈಗ ತೋಡಿನ ಕೆಳಗಿನ ಗದ್ದೆಯವರು ತಕರಾರು ಎತ್ತಿದ್ದರು. ಈಕೆ ನೀರು ಕದಿಯುತ್ತಾಳೆ, ಚಕ್ರ ಕಿತ್ತುಹಾಕಿಸಿ ಎಂದು ಬೆಳ್ತಂಗಡಿಯ ಸರಕಾರಿ ಕಚೇರಿಗೆ ದೂರು ಹೋಗಿತ್ತು. ವಿಚಾರಣೆಗೆ ಮುಂದಿನ ವಾರ ಕರೆದಿದ್ದರು.

"ಕಿತ್ತುಹಾಕುವುದಾ?" ಭಾವ ಎದ್ದು ನಿಂತರು. ಅವರಿಗೆ ಸಿಟ್ಟು ಬಂದದ್ದನ್ನು ನಾನು ಕಂಡದ್ದು ಅದೇ ಮೊದಲು. "ನಾಳೆಯೇ ಹೋಗುವ!"

ಮರುದಿನ ಬಸ್ಸು ಹತ್ತಿ, ಬಸ್ಸು ನಿಂತಲ್ಲಿಂದ ಗುಡ್ಡ ಹತ್ತಿ, ಭಾವ, ಅಕ್ಕ, ನಾನು ಅಣ್ಣನ ಹಿಂದೆ ನಡೆದೆವು. ಚಕ್ರ ಕಂಡ ಕೂಡಲೇ ಭಾವನ ಮುಖ ನೋಡಬೇಕಿತ್ತು! ಮದುಮಗಳನ್ನು ಮೊದಲ ಸಲ ಕಂಡ ಮದುಮಗನ ಹಾಗೆ ನಾಚಿಕೊಂಡರು. ಅಕ್ಕ ನನ್ನ ಕಿವಿಯಲ್ಲಿ, "ನನ್ನನ್ನು ನೋಡ್ಲಿಕ್ಕೆ ಬಂದಾಗ ಈ ಮುಖ ಎಲ್ಲಿ ಇಟ್ಟಿದ್ದರೋ," ಎಂದರು.

ಸುಂದರಿಯಕ್ಕ ಒಳ್ಳೆಯ ಸೀರೆ ಉಟ್ಟು, ತಲೆಗೆ ಹೂ ಮುಡಿದು ಚಕ್ರದ ಪಕ್ಕ ಬಂದು ನಿಂತರು. ಫೋಟೊದವರು ಬಂದರೆ ಮತ್ತೇನು ಮಾಡುವುದು, ಪಾಪ?

"ಅಮ್ಮ, ಸ್ವಲ್ಪ ಸರಿದು ನಿಲ್ಲಿ. ಚಕ್ರ ಕಾಣುವುದಿಲ್ಲ."

ಸರಿದರು. "ಇನ್ನೂ ಸ್ವಲ್ಪ." ಮತ್ತೆ ಸರಿದರು. ಸರಿದು ಸರಿದು ಅವರು ಹಟ್ಟಿಯ ಹಿಂದೆ ಮರೆಯಾದ ಮೇಲೆ ಭಾವ ಕೆಲಸ ಶುರುಮಾಡಿದರು. ನೀರು ತೋಡಿನಿಂದ ದಂಬೆಗೆ ಹತ್ತುವಲ್ಲಿ, ದಂಬೆಯಿಂದ ಚಕ್ರಕ್ಕೆ ಬೀಳುವಲ್ಲಿ, ಚಕ್ರದಿಂದ ಕೆಳಗಿನ ಗುಂಡಿಗೆ ಹಾರುವಲ್ಲಿ, ಗುಂಡಿಯಿಂದ ಮತ್ತೆ ತೋಡಿಗೆ ಸೇರುವಲ್ಲಿ, ಒಂದೊಂದು ಕಡೆಯೂ ಮಂಡಿಯೂರಿ, ಕೆಸರಿನಲ್ಲಿ ಮಲಗಿ, ಪೇರಳೆ ಮರ ಹತ್ತಿ ಚಿತ್ರ ತೆಗೆದರು. ಒಂದು ಕಡೆ ಮಾತ್ರ ಗೊಣಗಿದರು: "ಥತ್! ಈ ಬಸಳೆ ಚಪ್ಪರ ಅಡ್ಡ ಬರ್ತದೆ." ಬಸಳೆಗೆ ಸರಿದು ನಿಲ್ಲು ಎನ್ನುವ ಹಾಗಿರಲಿಲ್ಲವಲ್ಲ!

ವಿಚಾರಣೆಯ ದಿನ ನಾವೆಲ್ಲ ಬೆಳ್ತಂಗಡಿಗೆ ಹೋದೆವು. "ಚಕ್ರ ಹೋದರೆ ಹೋಗ್ಲಿ ಅಂತ ಹೇಳ್ಲಿಕ್ಕೆ ಆಗುವುದಿಲ್ಲ ನನಗೆ," ಎಂದು ಅಷ್ಟೇ ಹೇಳಿ ಸುಂದರಿಯಕ್ಕ ಸೆರಗಿನ ತುದಿ ಹಿಂಡುತ್ತಾ ಕುಳಿತರು. ಎದುರಿನವರು ಇಸ್ತ್ರಿ ಹಾಕಿದ ಅಂಗಿಯಲ್ಲಿ ಗುಂಪಾಗಿ ಬಂದಿದ್ದರು. ಅವರೂ ಒಬ್ಬ ಫೋಟೊದವನನ್ನು ಕರೆದುಕೊಂಡು ಹೋಗಿ ಸಾಕ್ಷಿಗೆ ಚಿತ್ರ ತೆಗೆಸಿದ್ದರು. ಅದನ್ನು ಗತ್ತಿನಿಂದ ವಿಚಾರಣೆ ನಡೆಸುವ ಸಾಹೇಬರ ಮೇಜಿನ ಮೇಲಿಟ್ಟರು. ಸಾಹೇಬರು ಕನ್ನಡಕ ಏರಿಸಿ ನೋಡಿದರು. ಇಳಿಸಿ ನೋಡಿದರು.

"ಇದು ನೀವಲ್ವಾ?"

"ಹೌದು ಸಾರ್. ಇದು ನನ್ನ ತಮ್ಮ, ಇದು ಭಾವಮೈದುನ, ಇದು ಚಿಕ್ಕಪ್ಪ."

"ಎಲ್ಲರೂ ಚೆನ್ನಾಗಿ ಬಂದಿದ್ದೀರಿ. ತೋಡೆಲ್ಲಿ?"

"ನಮ್ಮ ಹಿಂದೆ ಉಂಟು ಸಾರ್."

ತೋಡಿನ ಉದ್ದಕ್ಕೂ ಭುಜಕ್ಕೆ ಭುಜ ತಾಗಿಸಿ, ಮೀಸೆ ತಿರುವಿ, ಇಡೀ ಕುಟುಂಬ ನಿಂತಿತ್ತು. ಒಂದು ಹನಿ ನೀರು ಕಾಣಬೇಕಲ್ಲ!

ಆಗ ನಮ್ಮ ಭಾವ ಎದ್ದರು. ಮಾತಿಲ್ಲ, ಕತೆಯಿಲ್ಲ. ದೊಡ್ಡ ದೊಡ್ಡ ಚಿತ್ರಗಳನ್ನು ಇಸ್ಪೀಟಿನ ಎಲೆಯ ಹಾಗೆ ಒಂದರ ಪಕ್ಕ ಒಂದು ಇಟ್ಟರು. ಒಂದರಲ್ಲಿಯೂ ನರಪಿಳ್ಳೆ ಇಲ್ಲ. ನೀರು ಬಂತು, ಹತ್ತಿತು, ಬಿತ್ತು, ಚಕ್ರ ತಿರುಗಿತು, ನೀರು ಹೋಗಿ ತೋಡಿಗೇ ಸೇರಿತು. ಸೇರಿದ ಜಾಗದ ಕೆಳಗೆ ಗದ್ದೆಗೆ ನೀರು ತಿರುಗಿಸಲು ಎದುರಿನವರೇ ಹಾಕಿದ ಕಟ್ಟ, ಅದರ ತುಂಬಾ ನೀರು! ಸಾಹೇಬರು ಮೊದಲ ಚಿತ್ರದಿಂದ ಕೊನೆಯದರ ತನಕ ಬೆರಳು ಎಳೆದುಕೊಂಡು ಹೋದರು. ಬೆರಳು ಎಲ್ಲಿಯೂ ತಡೆಯಲಿಲ್ಲ.

"ನೀರು ಎಲ್ಲಿಗೂ ಹೋಗಲಿಲ್ಲವಲ್ರೀ. ನಿಮ್ಮ ಗದ್ದೆಗೇ ಬಂತಲ್ಲ?"

ಎದುರಿನ ಹಿರಿಯರು ಸೋಲಲಿಲ್ಲ. "ನೀರು ಬರ್ತದೆ ಸಾರ್. ಆದರೆ ಅದರಲ್ಲಿದ್ದ ಕರೆಂಟನ್ನೆಲ್ಲ ಇವರು ಮೇಲೆಯೇ ತೆಗೀತಾರೆ! ಬೆಣ್ಣೆ ತೆಗೆದ ಮಜ್ಜಿಗೆ ಆಗ್ತದೆ ಅದು. ಶಕ್ತಿ ಇಲ್ಲದ ನೀರಿನಲ್ಲಿ ನಮ್ಮ ಪೈರು ಏಳುವುದು ಹೇಗೆ?"

ಸಾಹೇಬರು ಕನ್ನಡಕ ತೆಗೆದು ಒರೆಸತೊಡಗಿದರು. ಅಷ್ಟರಲ್ಲಿ, ಬಂದಾಗಿನಿಂದ ತಲೆ ಎತ್ತದ ಸುಂದರಿಯಕ್ಕ ಎದ್ದು ಬಂದು, ಭಾವ ಗೊಣಗಿಕೊಂಡೇ ತೆಗೆದಿದ್ದ ಆ ಒಂದು ಚಿತ್ರದ ಮೇಲೆ ಬೆರಳಿಟ್ಟರು. ಚಕ್ರದಿಂದ ಬಿದ್ದ ನೀರಿನ ದಂಡೆಯಲ್ಲಿಯೇ ಚಪ್ಪರ. ಚಪ್ಪರದ ತುಂಬಾ ಅಂಗೈಗಿಂತ ದೊಡ್ಡ ಎಲೆ, ಹೆಬ್ಬೆರಳಿಗಿಂತ ದಪ್ಪ ದಂಟು.

"ಹಾಗಾದರೆ ನನ್ನ ಬಸಳೆ ಮಜ್ಜಿಗೆ ಕುಡಿದು ಇಷ್ಟು ದಪ್ಪ ಆದದ್ದಾ ಸಾರ್?"

ಮೊದಲು ನಕ್ಕದ್ದು ಎದುರಿನ ಪಕ್ಷದ ಚಿಕ್ಕಪ್ಪ! ಆಮೇಲೆ ಕಚೇರಿಯೇ ನಕ್ಕಿತು. ಸಾಹೇಬರು ಕರವಸ್ತ್ರದಲ್ಲಿ ಕಣ್ಣೊರೆಸಿಕೊಂಡು, ಚಕ್ರ ಇದ್ದಲ್ಲೇ ಇರಲಿ ಎಂದು ಬರೆದರು. ಹೊರಗೆ ಬಂದ ಮೇಲೆ ಆ ಹಿರಿಯರೇ ಭಾವನ ಹತ್ತಿರ ಬಂದು ಗುಟ್ಟಾಗಿ, "ನಮ್ಮ ಜಾಗದಲ್ಲಿಯೂ ಒಂದು ಚಕ್ರ ಕೂತೀತಾ ನೋಡಿ ಮಾರಾಯ್ರೆ," ಎಂದು ಕೇಳಿದರು. ಭಾವ ಬೆಳ್ತಂಗಡಿಯ ಬೀದಿಯಲ್ಲಿ ದಿಗ್ವಿಜಯ ಮುಗಿಸಿದ ಅರಸನ ಹಾಗೆ ನಡೆದರು. ಅವರ ಪಕ್ಕ ನಡೆಯುವಾಗ ನನಗೂ ಅಕ್ಕನಿಗೂ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ.

ಬಸ್ಸಿಗೆ ಕಾಯುವಾಗ ಸುಂದರಿಯಕ್ಕ ಭಾವನಿಗೆ ಹೇಳಿದರು, "ನನಗೆ ಚಕ್ರದ್ದು ಒಂದು ದೊಡ್ಡದು ಬೇಕು. ಗಾಜು ಹಾಕಿ, ಕಟ್ಟು ಹಾಕಿಸಿ." ಯಂತ್ರದ ಚಿತ್ರ ತನಗೆ ಬೇಕೆಂದು ಭಾವನ ಹತ್ತಿರ ಬಾಯಿಬಿಟ್ಟು ಕೇಳಿದವರು ಆ ತನಕ ಯಾರೂ ಇರಲಿಲ್ಲ. ಭಾವ ಉಬ್ಬಿಹೋದರು. ಅವರು ಬೇಕೆಂದ ದಿನಕ್ಕೆ ಸರಿಯಾಗಿ ತಾವೇ ತಲುಪಿಸುತ್ತೇನೆಂದು ಮಾತು ಕೊಟ್ಟರು.

ಆ ದಿನ ನಾವು ಮೂವರೂ ಹೋದೆವು. ಸುಂದರಿಯಕ್ಕ ಚಿತ್ರವನ್ನು ಸೆರಗಿನಿಂದ ಒರೆಸಿ, ಮನೆಯ ಚಾವಡಿಯ ಗೋಡೆಗೆ ತೂಗುಹಾಕಿದರು. ಚಕ್ರದ ನಡುವಿಗೆ ಸರಿಯಾಗಿ, ಗಾಜಿನ ಮೇಲೆ ಗಂಧದ ಬೊಟ್ಟು ಇಟ್ಟರು. ಅಬ್ಬಲಿಗೆ ಹೂವಿನ ಮಾಲೆ ಹಾಕಿದರು. ಕೆಳಗೆ ದೀಪ ಹಚ್ಚಿದರು.

ಭಾವ ದೊಡ್ಡದಾಗಿ ನಕ್ಕರು. "ಇದೆಂತ ಸುಂದರಿಯಕ್ಕ, ಆಯುಧ ಪೂಜೆಯಾ?"

"ಅಲ್ಲ. ಇವತ್ತು ಅವರ ವರ್ಷದ ತಿಥಿ," ಎಂದರು ಸುಂದರಿಯಕ್ಕ. "ಅವರದ್ದು ಒಂದೂ ಫೋಟೊ ಇಲ್ಲ ನಮ್ಮಲ್ಲಿ. ಪೇಟೆಗೆ ಹೋಗಿ ಹಿಡಿಸುವ, ಹಿಡಿಸುವ ಅಂತ ಹೇಳ್ತಾ ಹೇಳ್ತಾ ಉಳಿದೇ ಹೋಯಿತು. ಇದರ ಹಲಗೆ ಹಲಗೆಯೂ ಅವರ ಕೈಯದ್ದು. ನನಗೆ ಇದನ್ನು ನೋಡಿದರೆ ಸಾಕಾಗ್ತದೆ."

ಭಾವನ ನಗು ಹಾಗೆಯೇ ನಿಂತುಹೋಯಿತು. ಅವರು ಚಿತ್ರವನ್ನು ನೋಡಿದರು. ಕ್ಯಾಮೆರಾವನ್ನು ಕೊರಳಿನಿಂದ ತೆಗೆದು ಅಕ್ಕನ ಕೈಯಲ್ಲಿ ಕೊಟ್ಟರು. ಆಮೇಲೆ ಚಾವಡಿಯ ನೆಲದ ಮೇಲೆ, ಸುಂದರಿಯಕ್ಕನ ಎದುರು, ಚಕ್ಕಳಮಕ್ಕಳ ಹಾಕಿ ಕುಳಿತರು.

"ಅವರು ನೋಡ್ಲಿಕ್ಕೆ ಹೇಗಿದ್ದರು?"

"ಹೇಗೆ ಅಂದರೆ... ಕುಳ್ಳ. ಸ್ವಲ್ಪ ಕಪ್ಪು. ನಗುವಾಗ ಬಾಯಿಗೆ ಕೈ ಅಡ್ಡ ಹಿಡೀತಿದ್ದರು."

"ಯಾವ ಕೈ?"

"ಎಡಗೈ," ಎಂದು ಸುಂದರಿಯಕ್ಕ ತಮ್ಮ ಎಡಗೈಯನ್ನು ಬಾಯಿಗೆ ಅಡ್ಡ ಹಿಡಿದು ತೋರಿಸಿದರು. ಕೈಯ ಹಿಂದೆ ಅವರೂ ನಗುತ್ತಿದ್ದರು, ಕಣ್ಣಿನಿಂದ ನೀರು ಇಳಿಯುತ್ತಿತ್ತು.

ಅಕ್ಕ ಮೆಲ್ಲನೆ ಬಸ್ಸಿನ ಹೊತ್ತಾಯಿತು ಎಂದರು. ಭಾವ ಅತ್ತ ತಿರುಗಲೂ ಇಲ್ಲ. ಸುಂದರಿಯಕ್ಕನ ಮುಖದಿಂದ ಕಣ್ಣು ತೆಗೆಯದೆ ಇನ್ನೂ ಸ್ವಲ್ಪ ಹತ್ತಿರ ಸರಿದು ಕುಳಿತು, "ಹೇಳಿ ಅಮ್ಮ, ಕಣ್ಣು ಹೇಗಿತ್ತು ಅವರದ್ದು?" ಎಂದು ಕೇಳಿದರು.