ಗಡಗಡನ ಮೊದಲ ಹಾರಾಟ

ವಿಮಾನ ರಿಪೇರಿ ಕಲಿಸುವ ಆ ಶಾಲೆಯಲ್ಲಿ ಒಂದು ಕೆಟ್ಟ ಪದ್ಧತಿಯಿತ್ತು. ರಿಪೇರಿಯಾದ ವಿಮಾನ ಮೊದಲ ಸಲ ಮೇಲೇರುವಾಗ, ಅದಕ್ಕೆ ಕೈಹಾಕಿದವರಲ್ಲಿ ಒಬ್ಬ ಪೈಲಟ್ ಪಕ್ಕದಲ್ಲಿ ಕೂರಬೇಕು. ಆ ಬೆಳಿಗ್ಗೆ ಮೇಷ್ಟ್ರು ವಿಮಾನ ನಿಲ್ಲಿಸುವ ಹ್ಯಾಂಗರಿಗೆ ಬಂದವರೇ ಗಡಗಡನತ್ತ ಬೆರಳು ತೋರಿಸಿದರು.

"ಬಾಲದ ಕೆಲಸ ಮಾಡಿದ್ದೀಯಲ್ಲ? ಸಂಜೆ ನೀನೇ ಹತ್ತು. ಇಲ್ಲಾಂದ್ರೆ ಸರ್ಟಿಫಿಕೇಟಿನ ಆಸೆ ಬಿಡು."

ಗಡಗಡ ಎಂಬುದು ಸಹಪಾಠಿಗಳಿಟ್ಟ ಹೆಸರು. ಮೊದಲ ದಿನ ಅವನು ಏಣಿ ಹತ್ತಿದಾಗ ಅವನ ಜೊತೆ ಏಣಿಯೂ ನಡುಗಿತ್ತು. ಎತ್ತರವೆಂದರೆ ಅವನಿಗೆ ಜೀವ ಬಾಯಿಗೆ ಬರುತ್ತದೆ. ಅಂಥವನು ಈ ವಿದ್ಯೆಗೆ ಬಂದದ್ದೇ, ರಿಪೇರಿಯ ಹೊತ್ತಿನಲ್ಲಿ ವಿಮಾನ ನೆಲದ ಮೇಲಿರುತ್ತದೆ ಎಂಬ ಭರವಸೆಯಿಂದ. ಸರ್ಟಿಫಿಕೇಟ್ ಕೈತಪ್ಪಿದರೆ ಸೋದರಮಾವನ ಪಾತ್ರೆ ಅಂಗಡಿಯಲ್ಲಿ ಬೈಗುಳ ತಿನ್ನುತ್ತ ಜೀವನಪೂರ್ತಿ ಲೋಟ ಒರೆಸಬೇಕು.

ಸುದ್ದಿ ಅವನಿಗಿಂತ ಮೊದಲೇ ಕ್ಯಾಂಟೀನ್ ಸೇರಿತ್ತು. ಬಡಿಸುವ ಅಕ್ಕ ಎಂದೂ ಇಲ್ಲದ ಪ್ರೀತಿಯಿಂದ ಎರಡನೇ ಸಲ ಬಡಿಸಿ, "ತಿನ್ನಪ್ಪ, ಹೊಟ್ಟೆ ತುಂಬ ತಿನ್ನು" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಗಡಗಡ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

ಬಾಯಿಬಡುಕ ಸಹಪಾಠಿಯೊಬ್ಬ ಪಕ್ಕದಲ್ಲಿ ಬಂದು ಕುಳಿತ. "ಹೆದರ್ಬೇಡ್ವೋ. ಏನಾದ್ರೂ ಆದ್ರೂ ಗೊತ್ತೇ ಆಗಲ್ಲ, ಅಷ್ಟು ಬೇಗ ಮುಗಿದುಹೋಗುತ್ತೆ. ಅಂದ ಹಾಗೆ, ನಿನ್ನ ಹೊಸ ಶೂ ಯಾವ ಸೈಜು?"

ಅಮ್ಮ ಬೇಡ ಎಂದರೆ ಸಾಕು, ಆ ನೆಪದಲ್ಲಿ ಉಳಿದುಕೊಳ್ಳೋಣ ಎಂದು ಗಡಗಡ ಮನೆಗೆ ಫೋನ್ ಮಾಡಿದ. ಅಮ್ಮನಿಗೆ ಸಂತೋಷ ತಡೆಯಲಾಗಲಿಲ್ಲ.

"ಅಕ್ಕಪಕ್ಕದವ್ರಿಗೆಲ್ಲ ಈಗ್ಲೇ ಹೇಳ್ತೀನಿ, ತಾರಸಿ ಮೇಲೆ ನಿಂತು ನೋಡ್ಲಿ! ಮೇಲಿಂದ ಕೈ ಬೀಸೋದು ಮರೀಬೇಡ!"

ಇನ್ನು ವಿಮಾನವನ್ನೇ ನಿಲ್ಲಿಸದೆ ದಾರಿಯಿರಲಿಲ್ಲ. ನಟ್ಟು ಬಿಗಿ ಮಾಡಿದ ಮೇಲೆ ಅದರಿಂದ ಪಕ್ಕದ ತಗಡಿನವರೆಗೆ ಅಡ್ಡಲಾಗಿ ಒಂದು ಕೆಂಪು ಗೆರೆ ಎಳೆಯುವುದು ಅಲ್ಲಿನ ಕ್ರಮ. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ತುಂಡಾಗಿ ಗುಟ್ಟು ರಟ್ಟಾಗುತ್ತದೆ. ಗಡಗಡ ಕಳ್ಳಬೆಕ್ಕಿನಂತೆ ಬಾಲದ ಹತ್ತಿರ ಹೋಗಿ, ತಾನೇ ಬಿಗಿ ಮಾಡಿದ್ದ ನಟ್ಟಿನ ಗೆರೆಯನ್ನು ಹೆಬ್ಬೆರಳಿನ ಉಗುರಿನಿಂದ ಕೆರೆದು, ಬೊಬ್ಬೆ ಹೊಡೆದ.

"ಮೇಷ್ಟ್ರೇ! ಗೆರೆ ತುಂಡಾಗಿದೆ! ನಟ್ಟು ಸಡಿಲ! ಇವತ್ತು ಹಾರಿಸೋದು ಬೇಡ!"

ಎಲ್ಲರೂ ಓಡಿ ಬಂದರು, ಪೈಲಟ್ ಕೂಡ. ಮೇಷ್ಟ್ರು ಸ್ಪ್ಯಾನರ್ ಹಾಕಿ ಮೈಯ ಬಲವನ್ನೆಲ್ಲ ಬಿಟ್ಟು ತಿರುಗಿಸಿದರು. ನಟ್ಟು ಜಪ್ಪಯ್ಯ ಅಂದರೂ ಅಲುಗಲಿಲ್ಲ.

"ಇದು ತಾನಾಗಿ ತುಂಡಾಗಿದ್ದಲ್ಲ, ಯಾರೋ ಕೆರೆದಿದ್ದು! ಎಲ್ರೂ ಕೈ ತೋರಿಸಿ!"

ಗಡಗಡನ ಉಗುರಿನಲ್ಲಿ ಕೆಂಪು ಬಣ್ಣ ಕೂತಿತ್ತು. ಕೈ ಜೇಬಿಗಿಳಿಯಿತು, ಬೆನ್ನಲ್ಲಿ ಬೆವರಿಳಿಯಿತು. ಮೇಷ್ಟ್ರು ಒಬ್ಬೊಬ್ಬರ ಬೆರಳು ನೋಡುತ್ತ ಹತ್ತಿರವಾಗುತ್ತಿದ್ದರು. ಸರ್ಟಿಫಿಕೇಟೂ ಹೋಯಿತು, ಮಾನವೂ ಹೋಯಿತು ಎಂದು ಅವನು ಕಣ್ಣು ಮುಚ್ಚಿಕೊಂಡ.

"ಒಂದು ನಿಮಿಷ" ಎಂದ ಪೈಲಟ್. ಸುಮ್ಮನೆ ಕೈಯಾಡಿಸುತ್ತ ಅವನು ಪಕ್ಕದ ನಟ್ಟನ್ನು ಮುಟ್ಟಿದ್ದ. ಅದರ ಗೆರೆ ಅಚ್ಚುಕಟ್ಟಾಗಿತ್ತು, ನಟ್ಟು ಮಾತ್ರ ಎರಡು ಬೆರಳಿಗೇ ಬುಗುರಿಯಂತೆ ತಿರುಗಿತು. "ಇದನ್ನ ಬಿಗಿ ಮಾಡಿದ್ದು ಯಾರು?"

ಎಲ್ಲರೂ ಮೇಷ್ಟ್ರ ಮುಖ ನೋಡಿದರು. ಗೆರೆ ಅಂದವಾಗಿ ಎಳೆಯುವುದು ಹೇಗೆಂದು ಅವರು ತರಗತಿಗೇ ತೋರಿಸಿಕೊಟ್ಟ ನಟ್ಟು ಅದು. ಗೆರೆಯ ಸಂಭ್ರಮದಲ್ಲಿ ಬಿಗಿ ಮಾಡುವುದೇ ಮರೆತುಹೋಗಿತ್ತು. ಮೇಷ್ಟ್ರ ಮುಖ ಸುಣ್ಣದಂತಾಯಿತು, ಬೆರಳು ನೋಡುವ ಕೆಲಸ ಅಲ್ಲಿಗೇ ನಿಂತಿತು.

ಬದುಕಿದೆಯಾ ಬಡಜೀವವೇ ಎಂದು ಗಡಗಡ ಉಸಿರು ಬಿಟ್ಟ. ಆದರೆ ಸಂಜೆಯ ಹೊತ್ತಿಗೆ ಮೇಷ್ಟ್ರು ತಾವೇ ನಿಂತು ಬಾಲದ ಪ್ರತಿ ನಟ್ಟನ್ನೂ ಬಿಗಿ ಮಾಡಿ ಮುಗಿಸಿದ್ದರು. ಪೈಲಟ್ ಬಂದು ಗಡಗಡನ ಕೈಯನ್ನು ಜೇಬಿನಿಂದ ಎಳೆದು ಕುಲುಕಿದ. ಉಗುರು ನೋಡಿದ, ಮೀಸೆಯಲ್ಲೇ ನಕ್ಕ.

"ಧೈರ್ಯವಂತರೆಲ್ಲ ಬಾಲ ಸರಿಯಾಗಿದೆ ಅಂದ್ರು. ನನ್ನ ಜೀವ ಉಳಿಸಿದ್ದು ಈ ಪುಕ್ಕಲ. ಇನ್ಮೇಲೆ ಇವನು ಹತ್ತದ ವಿಮಾನ ನಾನು ಹತ್ತಲ್ಲ!"

ತಮ್ಮ ತಪ್ಪಿನ ಮಾತು ಬಾರದೆ ಪಾರಾದ ಖುಷಿಯಲ್ಲಿದ್ದ ಮೇಷ್ಟ್ರು, "ಅದಕ್ಕೇನಂತೆ, ಸರ್ಟಿಫಿಕೇಟೂ ಕೊಡ್ತೀನಿ, ಇಲ್ಲೇ ಕಾಯಂ ಕೆಲ್ಸಾನೂ ಕೊಡಿಸ್ತೀನಿ! ಹಾರೋ ವಿಮಾನಕ್ಕೆಲ್ಲ ಇವನೇ!" ಎಂದು ಬೆನ್ನು ತಟ್ಟಿದರು.

ಚಪ್ಪಾಳೆಯ ನಡುವೆ ನಾಲ್ವರು ಅವನನ್ನು ಹೊತ್ತುಕೊಂಡು ಹೋಗಿ ಸೀಟಿಗೆ ಬಿಗಿದರು. ಗಡಗಡ ಗೊಳೋ ಎಂದು ಅತ್ತ. ಅದು ಆನಂದಬಾಷ್ಪವೆಂದು ತಿಳಿದು, ನೋಡುತ್ತಿದ್ದವರ ಕಣ್ಣೂ ಒದ್ದೆಯಾಯಿತು.