ಜಾಕಿ ಮೇಲಿನ ಗೃಹಪ್ರವೇಶ

ನಾಲ್ಕು ಆಧಾರಗಳ ಮೇಲೆ ಅಲುಗಾಡದೆ ನಿಂತಿರುವ, ಬಾಗಿಲು ಕಿಟಕಿಗಳನ್ನು ಹೊಂದಿರುವ, ಮಳೆ ಬಂದರೆ ಒಳಗಿದ್ದವರು ನೆನೆಯದಂತೆ ಮೇಲ್ಛಾವಣಿಯಿರುವ ಯಾವುದನ್ನೇ ಆಗಲಿ ಮನೆ ಎಂದು ಪರಿಗಣಿಸತಕ್ಕದ್ದು. ಇದು ನಿಯಮ. ಅಲ್ಲಾಳಸಂದ್ರದ ಬಾಲರಾಜು ಆ ಭಾನುವಾರ ಬೆಳಿಗ್ಗೆ ತನ್ನ ಗಾಡಿಗೆ ಜಾಕಿ ಕೊಟ್ಟು ಎತ್ತುವಾಗ ಅವನಿಗೆ ಈ ನಿಯಮ ಗೊತ್ತಿರಲಿಲ್ಲ. ನಿಯಮ ಗೊತ್ತಿರಲಿಲ್ಲ ಎಂಬ ನೆಪವನ್ನು ಪುರಸ್ಕರಿಸತಕ್ಕದ್ದಲ್ಲ ಎಂಬುದು ಇನ್ನೊಂದು ನಿಯಮ. ಪಾಪ, ಅದೂ ಅವನಿಗೆ ಗೊತ್ತಿರಲಿಲ್ಲ.

ಗಾಡಿ ಅಂದರೆ ಅಂತಿಂಥ ಗಾಡಿಯಲ್ಲ. ಎಂಜಿನ್ನಿನ ಶಕ್ತಿ ನಾಲ್ಕೂ ಚಕ್ರಕ್ಕೆ ಹರಿದುಹೋಗುವ, ಬೆಟ್ಟ ಗುಡ್ಡ ಏರುವ ಎಸ್‌ಯುವಿ. ಸೆಕೆಂಡ್ ಹ್ಯಾಂಡ್ ನಿಜ, ಆದರೂ ಎಸ್‌ಯುವಿ. ಬಾಲರಾಜುಗೆ ಹತ್ತಬೇಕಾದ ಬೆಟ್ಟ ಯಾವುದೂ ಇರಲಿಲ್ಲ. ಇದ್ದದ್ದು ಒಬ್ಬ ಬಾಮೈದ.

ಹೆಂಡತಿ ಪದ್ಮಶ್ರೀಯ ತಮ್ಮ ಮುನಿಶಾಮಿ ದೇವನಹಳ್ಳಿ ಆಚೆಯ ವಿಜಯಪುರದ ಹತ್ತಿರ ತನ್ನ ಹೊಲದಲ್ಲೇ ಮೂರಂತಸ್ತಿನ ಮನೆ ಎಬ್ಬಿಸಿದ್ದ. ಹೋದ ವರ್ಷ ಅವನ ಮಗುವಿನ ನಾಮಕರಣಕ್ಕೆ ಗಂಡಹೆಂಡತಿ ಬಸ್ಸಿಳಿದು, ಬೆವರು ಒರೆಸಿಕೊಂಡು ಅವನ ಹಳೇ ಮನೆಯೊಳಗೆ ಕಾಲಿಟ್ಟರೆ, ನೆಂಟರಿಷ್ಟರ ಮುಂದೆ ಅವನು ಕೂಗಿ ಹೇಳಿದ: "ಲೇ, ನಮ್ ಭಾವ ಬಸ್ಸಲ್ ಬಂದವ್ರೆ, ಮೊದ್ಲು ನೀರ್ ಕೊಡ್ರಪ್ಪಾ!" ಎಲ್ಲರೂ ನಕ್ಕರು. ಪದ್ಮಶ್ರೀ ನಗಲಿಲ್ಲ, ಅವತ್ತು ಅವಳಿಗೆ ಪಾಯಸ ಗಂಟಲಲ್ಲಿ ಇಳಿಯಲಿಲ್ಲ. ಅದನ್ನು ನೋಡಿದ ಬಾಲರಾಜು ಎಲೆ ಮುಂದೆ ಕೂತೇ ಮಾತು ಕೊಟ್ಟುಬಿಟ್ಟ. "ನಿನ್ನ ಗೃಹಪ್ರವೇಶಕ್ಕೆ ನಿಮ್ಮಕ್ಕನ್ನ ನನ್ನ ಸ್ವಂತ ಗಾಡೀಲಿ ಕರ್ಕೊಂಡ್ ಬಂದು ಮನೆ ಬಾಗ್ಲಲ್ಲೇ ಇಳಿಸ್ತೀನಿ ಕಣೋ. ಹಾಲುಕ್ಕಿಸೋದು ಅವಳೇ."

ಆ ಗೃಹಪ್ರವೇಶ ಬರುವ ಶುಕ್ರವಾರವೇ ಇತ್ತು. ಗಾಡಿಯೇನೋ ಬಂದಿತ್ತು, ಆದರೆ ಗೇರ್ ಹಾಕಿದಾಗಲೆಲ್ಲ ಹಲ್ಲು ಕಡಿಯುತ್ತಿತ್ತು. ಗೇರ್ ಬಾಕ್ಸಿನ ಆಯಿಲ್, ಮುಂದಿನ ಹಿಂದಿನ ಚಕ್ರಗಳ ನಡುವಿನ ಕ್ರೌನ್ ಆಯಿಲ್, ಎಲ್ಲಾ ಸತ್ತುಹೋಗಿದೆ, ಬದಲಾಯಿಸಬೇಕು, ನನಗೆ ಮುಂದಿನ ತಿಂಗಳ ತನಕ ಪುರುಸೊತ್ತಿಲ್ಲ ಎಂದ ಮೆಕ್ಯಾನಿಕ್ಕು. ಬಾಲರಾಜು ಮೊಬೈಲಿನಲ್ಲಿ ಒಂದು ವೀಡಿಯೊ ನೋಡಿದ. ಇಷ್ಟೇನಾ ಅಂದುಕೊಂಡ. ಮನೆ ಪಕ್ಕದ ಖಾಲಿ ಸೈಟಿನಲ್ಲಿ, ಅಂದರೆ ಅಪ್ಪನ ಕಾಲದ ಜಮೀನಿನಲ್ಲಿ ಮಾರದೆ ಉಳಿದಿದ್ದ ಕೊನೆಯ ಚೂರಿನಲ್ಲಿ, ನಾಲ್ಕು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಗಾಡಿಯನ್ನು ಕೂರಿಸಿದ. ಪದ್ಮಶ್ರೀ ಬಿಸಿಬೇಳೆಬಾತ್ ಕಲಸುವ ಬೇಸಿನ್ನು ತಂದು ಕೆಳಗಿಟ್ಟ. ಅವಳು ಅಡುಗೆಮನೆಯಿಂದ ನೋಡಿ ಹಲ್ಲು ಕಚ್ಚಿದಳು, ಶುಕ್ರವಾರವನ್ನು ನೆನೆದು ಸುಮ್ಮನಾದಳು.

ಕೆಳಗಿನ ಬೋಲ್ಟುಗಳು ಸಲೀಸಾಗಿ ಬಿಚ್ಚಿಕೊಂಡವು. ಹಳೇ ಆಯಿಲ್ಲು ಕಾಕಂಬಿಯ ಹಾಗೆ ಕಪ್ಪಗೆ ಇಳಿದು ಬೇಸಿನ್ನು ತುಂಬಿತು. ಇನ್ನು ಮೇಲಿನ ಬೋಲ್ಟ್ ಬಿಚ್ಚಿ ಹೊಸದು ತುಂಬುವುದೊಂದೇ ಬಾಕಿ. ಹಿಂದಿನ ಕ್ರೌನಿನ ಮೇಲಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿ ತಿರುಗಿಸಿದ. ಬರಲಿಲ್ಲ. ಕಾಲು ಕೊಟ್ಟು ಎಳೆದ. ಬರಲಿಲ್ಲ. ಮನೆದೇವರನ್ನು ನೆನೆದು ಎಳೆದ, ಇನ್ನಷ್ಟು ಬಿಗಿಯಾಯಿತು. ವೀಡಿಯೊವನ್ನು ಪೂರ್ತಿ ನೋಡಿದಾಗ ಆ ಪುಣ್ಯಾತ್ಮ ಕೊನೆಯಲ್ಲಿ ಹೇಳುತ್ತಿದ್ದ: "ಫ್ರೆಂಡ್ಸ್, ಒಂದು ಮಾತು ಮರೆತಿದ್ದೆ. ಮೊದಲು ತುಂಬೋ ಬೋಲ್ಟ್ ಬಿಚ್ಚುತ್ತಾ ನೋಡ್ಕೊಳ್ಳಿ, ಆಮೇಲೆ ಖಾಲಿ ಮಾಡಿ. ಇಲ್ಲಾಂದ್ರೆ ಗಾಡಿ ಅಲ್ಲೇ ಉಳಿಯುತ್ತೆ."

ಗಾಡಿ ಅಲ್ಲೇ ಉಳಿಯಿತು. ಆ ಹೊತ್ತಿಗೆ ಸರಿಯಾಗಿ ವಾರ್ಡ್ ಕಚೇರಿಯ ನಾಗಭೂಷಣ ಅವರು ಬಂದರು. ಖಾಲಿ ನಿವೇಶನಗಳ ಗಣತಿ ಅವರ ಕೆಲಸ. ಕೈಯಲ್ಲಿ ಟ್ಯಾಬು, ಕೊರಳಲ್ಲಿ ಗುರುತಿನ ಚೀಟಿ.

"ಇದು ಖಾಲಿ ಸೈಟಾ?"

"ಹೌದು ಸಾರ್," ಎಂದ ಬಾಲರಾಜು, ಗಾಡಿಯ ಕೆಳಗಿನಿಂದ.

"ಖಾಲಿ ಇಲ್ವಲ್ರೀ."

"ಗಾಡಿ ನಿಂತಿದೆ ಸಾರ್, ಅಷ್ಟೇ."

"ಗಾಡಿ ಅಂದ್ರೆ ಚಕ್ರ ನೆಲಕ್ಕೆ ತಾಗಿರ್ಬೇಕು. ತಾಗಿದೆಯಾ?"

ಬಾಲರಾಜು ನೋಡಿದ. ತಾಗಿರಲಿಲ್ಲ.

"ಹೋಗ್ಲಿ, ಓಡುತ್ತಾ?"

"ಸದ್ಯಕ್ಕಿಲ್ಲ ಸಾರ್. ಆಯಿಲ್ ಇಳಿಸಿದೀನಿ."

ನಾಗಭೂಷಣರು ದುಃಖದಿಂದ ತಲೆಯಾಡಿಸಿದರು. ಟ್ಯಾಬಿನಲ್ಲಿ ಇದ್ದದ್ದು ಎರಡೇ ಆಯ್ಕೆ: ಖಾಲಿ, ಮನೆ. ಅವರು ಪ್ರಾಮಾಣಿಕರು, ಖಾಲಿ ಇಲ್ಲದ್ದನ್ನು ಖಾಲಿ ಎಂದು ಬರೆದವರಲ್ಲ. ಫೋಟೊ ತೆಗೆದರು, ಒತ್ತಿದರು. ಟ್ಯಾಬಿನಲ್ಲಿ ಬಣ್ಣದ ಕಾಗದದ ಚೂರುಗಳು ಉದುರಿ, 'ಅಭಿನಂದನೆಗಳು, ನಿಮ್ಮ ಮನೆಯನ್ನು ಗುರುತಿಸಲಾಗಿದೆ' ಎಂದು ಬಂತು.

"ಅಯ್ಯೋ ಸಾರ್, ಹಿಂದಕ್ಕೆ ಒತ್ತಿ ಸಾರ್!"

"ಹಿಂದಕ್ಕೆ ಬರೋ ಬಟನ್ನೇ ಕೊಟ್ಟಿಲ್ಲ ಕಣ್ರೀ. ಆಡಳಿತ ಯಾವತ್ತೂ ಮುಂದಕ್ಕೇ ಹೋಗೋದು. ಹೊಸ ಮನೆ ಅಂದ್ಮೇಲೆ ಬಾಯಿ ಸಿಹಿ ಮಾಡ್ಬೇಕಲ್ವಾ?"

ಸಿಹಿಯನ್ನು ಅವರು ಕವರಿನಲ್ಲಿ ಸ್ವೀಕರಿಸಿದರು.

ಮಾರನೆಯ ದಿನ ಗಾಡಿಯ ಮುಂದಿನ ಗಾಜಿಗೆ ತಿಳಿವಳಿಕೆ ಪತ್ರ ಅಂಟಿತ್ತು. 'ತಾವು ನಿರ್ಮಿಸಿರುವ ವಾಸದ ಮನೆಯ ವಿವರ ಈ ಕೆಳಕಂಡಂತಿದೆ. ಅಡಿಪಾಯ: ಕಬ್ಬಿಣ, ತೆಗೆದಿಡಬಹುದಾದದ್ದು. ಕಿಟಕಿ: ಏರಿಳಿಯುವ ಮಾದರಿ. ಗಾಳಿ ಬೆಳಕು: ತೃಪ್ತಿಕರ. ನೀರಿನ ಸೌಲಭ್ಯ: ಮುಂದಿನ ಗಾಜಿಗೆ ಮಾತ್ರ. ಸದರಿ ಮನೆಗೂ ಸೈಟಿಗೂ ಖಾತೆ ಮಂಜೂರಾಗಿದೆ. ಸದರಿ ಮನೆಯನ್ನು ನೆಲಕ್ಕೆ ಇಳಿಸಿದಲ್ಲಿ ಅದನ್ನು ಅನಧಿಕೃತ ನೆಲಸಮ ಎಂದು ಭಾವಿಸಿ, ಸೈಟಿನ ಖಾತೆ ಸಮೇತ ರದ್ದುಪಡಿಸಲಾಗುವುದು.'

ಬಾಲರಾಜು ಅದನ್ನು ಎರಡೆರಡು ಸಲ ಓದಿದ. ಆ ಸೈಟಿಗೆ ಖಾತೆ ಮಾಡಿಸಲು ಅವನಪ್ಪ ಚಪ್ಪಲಿ ಸವೆಸಿ, ಖಾತೆಯ ಮುಖ ನೋಡದೆಯೇ ಕಣ್ಣು ಮುಚ್ಚಿದ್ದ. ಈಗ ಆಯಿಲ್ ಬದಲಾಯಿಸಲು ಹೋಗಿ ಅದು ಬಂದಿತ್ತು. ಗಾಡಿ ಇಳಿಸಿದರೆ ಖಾತೆ ಹೋಗುತ್ತೆ, ಇಳಿಸದಿದ್ದರೆ ಮಾನ ಹೋಗುತ್ತೆ. ಅತ್ತ ದರಿ ಇತ್ತ ಪುಲಿ.

ಸುದ್ದಿ ಮಾತ್ರ ನಿಲ್ಲಲಿಲ್ಲ. ಎಡಮನೆಯ ಫಖ್ರುನ್ನೀಸಾ, ನಿವೃತ್ತ ಶಾಲಾ ಮೇಡಂ, ಕಾಂಪೌಂಡಿನ ಮೇಲಿಂದ ಇಣುಕಿ ನೋಡಿದರು. "ಬಾಲರಾಜು, ನಿಮ್ ಜಾಕಿ ಒಂಚೂರು ಕೊಡ್ತೀರಾಪ್ಪ?" ಎಂದರು. ಸಂಜೆಯೊಳಗೆ ಅವರ ಹಳೇ ಸಣ್ಣ ಕಾರು ನಾಲ್ಕು ಸಿಮೆಂಟ್ ಬ್ಲಾಕಿನ ಮೇಲೆ ಕೂತು ಪೂರ್ವಕ್ಕೆ ನೋಡುತ್ತಿತ್ತು. ಖಾತೆ ಇಲ್ಲದೆ ಕೊರಗುತ್ತಿದ್ದ ಸೈಟುಗಳು ಆ ರಸ್ತೆಯಲ್ಲಿ ಬೇಕಾದಷ್ಟಿದ್ದವು. ಬುಧವಾರದ ಹೊತ್ತಿಗೆ ಇಡೀ ರಸ್ತೆಯ ಕಾರುಗಳು ನೆಲ ಬಿಟ್ಟಿದ್ದವು. ಕೆರೆಕಡೆಯ ಬ್ಲಾಕಿನಂಗಡಿಯಲ್ಲಿ ಬ್ಲಾಕು ಖಾಲಿ. ಒಬ್ಬ ಹುಡುಗ ಸ್ಕೂಟರಿಗೆ ಸೆಂಟರ್ ಸ್ಟ್ಯಾಂಡ್ ಹಾಕಿ ಅರ್ಜಿ ಕೊಟ್ಟ. ಗೋಡೆಗಳಿಲ್ಲ ಎಂಬ ಕಾರಣಕ್ಕೆ ಅದನ್ನು ಮಂಟಪ ಎಂದಷ್ಟೇ ದಾಖಲಿಸಲಾಯಿತು.

ಕಸದ ಆಟೋದ ಮೈಕಿನಲ್ಲಿ ಪ್ರಕಟಣೆಯೂ ಹೊರಟಿತು. "ಸಾರ್ವಜನಿಕರ ಗಮನಕ್ಕೆ. ನಮ್ಮ ವಾರ್ಡಿನಲ್ಲಿ ವಾಹನ ದಟ್ಟಣೆ ಸಂಪೂರ್ಣ ನಿವಾರಣೆಯಾಗಿರುತ್ತದೆ. ವಸತಿ ಸಮಸ್ಯೆಯೂ ನಿವಾರಣೆಯಾಗಿರುತ್ತದೆ. ಹಸಿ ಕಸ ಒಣ ಕಸ ಬೇರೆ ಬೇರೆ ಕೊಡಿ." ಜನ ಚಪ್ಪಾಳೆ ತಟ್ಟಿ, ಕಸ ಕೊಟ್ಟು, ನಡೆದುಕೊಂಡು ಕೆಲಸಕ್ಕೆ ಹೋದರು.

ಗುರುವಾರ ನಾಗಭೂಷಣರು ಮನೆಯ ನಾಲ್ಕೂ ಕಡೆಯ ಚಕ್ಕುಬಂದಿ ಬರೆದುಕೊಳ್ಳಲು ಬಂದರು. ಬಾಲರಾಜು ಗಾಡಿಯ ಹಿಂಭಾಗದ ಕೆಳಗೆ ಅಂಗಾತ ಬಿದ್ದು, ಕ್ರೌನನ್ನು ತಬ್ಬಿಕೊಂಡಂತೆ ಕೈ ಬಳಸಿ, ಅದರ ಮುಂದಿನ ಮಗ್ಗುಲಲ್ಲಿರುವ ಆ ಮೇಲಿನ ಬೋಲ್ಟಿನ ಜೊತೆ ಇನ್ನೂ ಗುದ್ದಾಡುತ್ತಿದ್ದ.

"ಎಡಕ್ಕೆ ಯಾರ ಮನೆ?"

"ಫಖ್ರುನ್ನೀಸಾ ಮೇಡಂದು ಸಾರ್."

"ಅದು ನಿಮ್ಮ ಎಡ ಕಣ್ರೀ! ನೀವು ಮನೆ ಬೆನ್ನ ಹಿಂದೆ ಮಲ್ಗಿದೀರ. ಮುಖದ ಕಡೆ ನಿಂತು ಹೇಳ್ಬೇಕು. ಹಿಂದಿನಿಂದ ನೋಡಿದ್ರೆ ಎಲ್ಲಾ ಉಲ್ಟಾ ಆಗೋಗುತ್ತೆ."

ಬಾಲರಾಜುವಿನ ಕೈ ನಿಂತಿತು. ಬೋಲ್ಟಿನ ಮುಖ ಆ ಕಡೆ, ತಾನು ಈ ಕಡೆ. ಭಾನುವಾರದಿಂದ ತಾನು ಬಿಚ್ಚುತ್ತಿದ್ದೇನೆ ಅಂದುಕೊಂಡು ಬಿಗಿ ಮಾಡುತ್ತಲೇ ಇದ್ದನಲ್ಲಪ್ಪಾ! ಸ್ಪ್ಯಾನರನ್ನು ಇನ್ನೊಂದು ದಿಕ್ಕಿಗೆ ಹಾಕಿ, ಉಸಿರು ಬಿಗಿಹಿಡಿದು ಎಳೆದ. ಟಕ್ ಎಂದು ಬೋಲ್ಟು ಸಡಿಲಿತು.

"ಪದ್ಮೀ! ಬಂತು ಕಣೇ, ಬಂತು!" ಎಂದು ಅವನು ಕೆಳಗಿನಿಂದಲೇ ಕಿರುಚಿದ ರಭಸಕ್ಕೆ ನಾಗಭೂಷಣರು ಚಕ್ಕುಬಂದಿಯಲ್ಲಿ ಉತ್ತರಕ್ಕೆ 'ಬಂತು' ಎಂದೇ ಬರೆದುಕೊಂಡರು. ಹಿಂದಕ್ಕೆ ಬರುವ ಬಟನ್ ಇಲ್ಲದ ಕಾರಣ ಅದು ಹಾಗೇ ಉಳಿಯಿತು.

ಸಂಜೆಯೊಳಗೆ ಹೊಸ ಆಯಿಲ್ಲು ಜೇನುತುಪ್ಪದಂತೆ ಒಳಗಿಳಿದಿತ್ತು. ಗಂಡಹೆಂಡತಿ ಗಾಡಿಯ ಮುಂದೆ ನಿಂತರು. ಗಾಡಿ ಈಗ ಓಡುತ್ತದೆ. ಆದರೆ ಇಳಿಸುವ ಹಾಗಿಲ್ಲ.

"ಬಿಡ್ರೀ, ಬಸ್ಸಲ್ಲೇ ಹೋಗೋಣ," ಎಂದಳು ಪದ್ಮಶ್ರೀ. "ನೀರ್ ಕೊಡ್ರಪ್ಪಾ ಅಂತಾನೆ. ಅನ್ನಲಿ. ಕುಡಿಯೋಣ."

"ಖಾತೆ ಹಾಳಾಗೋಗ್ಲಿ ಕಣೇ. ನಮ್ಮಪ್ಪನೇ ಮೇಲಿಂದ ಬಂದು ಬೈದ್ರೂ ಸರಿ, ನಿನ್ನ ನಾನು ಬಸ್ಸಲ್ಲಿ ಕರ್ಕೊಂಡ್ ಹೋಗಲ್ಲ." ಬಾಲರಾಜು ಜಾಕಿಗೆ ಕೈ ಹಾಕಿಯೇಬಿಟ್ಟ.

ಅಷ್ಟರಲ್ಲಿ ಗೇಟಿನ ಮುಂದೆ ಒಂದು ಕಾರು ಬಂದು ನಿಂತಿತು. ಇಳಿದವನು ಮುನಿಶಾಮಿ. ಮುಖ ಹರಳೆಣ್ಣೆ ಕುಡಿದವನ ಹಾಗಿತ್ತು.

"ಅಕ್ಕಾ, ನನ್ ಮನೆ ಇಲ್ವಂತೆ ಕಣಕ್ಕ."

"ಏನಾಯ್ತೋ? ಬಿತ್ತೇನೋ?"

"ಬಿದ್ದಿಲ್ಲ, ಗಟ್ಟಿಯಾಗೇ ನಿಂತೈತೆ. ಕಾಗದದ ಪ್ರಕಾರ ಅಲ್ಲಿರೋದು ರಾಗಿ ಹೊಲವಂತೆ. ಕರೆಂಟ್ ಕೇಳೋಕೋದ್ರೆ ಹೊಲಕ್ಕೆ ಲಿಫ್ಟ್ ಯಾಕೆ ಅಂತವ್ರೆ. ನಿನ್ನೆ ಆಪೀಸರ್ ಬಂದು ಮೂರನೇ ಮಹಡೀಲಿ ನಿಂತ್ಕೊಂಡು, ಬೆಳೆ ಎಂಗಿದೆ ಗೌಡ್ರೆ ಅಂತ ಕೇಳಿ ಹೊಂಟೋದ್ರು. ಇಂಗೆ ಆದ್ರೆ ಗೃಹಪ್ರವೇಶ ಎಂಗಕ್ಕ ಮಾಡ್ಲಿ? ಹೊಲದಲ್ಲಿ ಕಣದ ಪೂಜೆ ಬೇಕಾದ್ರೆ ಮಾಡ್ಕೊಳ್ಳಿ ಅಂದ್ಬಿಟ್ರು. ಊರ್ನೆಲ್ಲ ಕರೆದು ಕೂತಿವ್ನಿ."

ಅವನ ಕಣ್ಣು ಗಾಡಿಯ ಗಾಜಿನ ಮೇಲಿದ್ದ ಪತ್ರಕ್ಕೆ ಬಿತ್ತು. ಹತ್ತಿರ ಹೋಗಿ ಓದಿದ. ಮುದ್ರೆಯನ್ನು ಬೆರಳಿನಿಂದ ಮುಟ್ಟಿ ನೋಡಿದ. ಆಮೇಲೆ ಚಪ್ಪಲಿ ಬಿಟ್ಟು ನಿಂತ.

"ಭಾವ, ಇದ್ಕೆ ಖಾತೆ ಐತಾ?"

"ಐತೆ," ಎಂದ ಬಾಲರಾಜು. ಜಾಕಿಯ ಮೇಲಿಂದ ಕೈಯನ್ನು ನಿಧಾನವಾಗಿ ತೆಗೆದ.

"ಭಾವ... ಗೃಹಪ್ರವೇಶ ಇಲ್ಲೇ ಮಾಡ್ಕೊಳ್ಲಾ?"

ಹೋದ ವರ್ಷದ ಪಾಯಸ ಆಗ ಪದ್ಮಶ್ರೀಯ ಗಂಟಲಿನಿಂದ ಇಳಿಯುತ್ತಿತ್ತೋ ಏನೋ. ಆಮೇಲೆ ಒಳಕ್ಕೆ ತಿರುಗಿ ಜೋರಾಗಿ ಹೇಳಿದಳು: "ನನ್ ತಮ್ಮ ದೂರದಿಂದ ಬಂದವ್ನೆ, ತಡೀರಿ, ಮೊದ್ಲು ನೀರ್ ತರ್ತೀನಿ!"

ಶುಕ್ರವಾರ ಬೆಳಿಗ್ಗೆ ಶಾಸ್ತ್ರೋಕ್ತವಾಗಿ ಗೃಹಪ್ರವೇಶ ನಡೆಯಿತು. ಗಾಡಿಯ ಮುಖ ಪೂರ್ವಕ್ಕಿದ್ದುದರಿಂದ ಆಗ್ನೇಯ ಮೂಲೆ ಬಾನೆಟ್ಟಿನ ಬಲಗಡೆಗೆ ಬೀಳುತ್ತದೆ, ಎಂಜಿನ್ನಿನ ಅಗ್ನಿ ಇರುವುದೂ ಅಲ್ಲೇ, ಇಂಥ ವಾಸ್ತು ಬೆಂಗಳೂರಿನಲ್ಲಿ ಸಿಗುವುದು ಅಪರೂಪ ಎಂದು ಪುರೋಹಿತರು ಮೆಚ್ಚಿಕೊಂಡರು. ಬಾನೆಟ್ಟಿನ ಮೇಲೆ ಸಣ್ಣ ಒಲೆಯಿಟ್ಟು ಪದ್ಮಶ್ರೀ ಹಾಲುಕ್ಕಿಸಿದಳು. ಹಾಲು ಉಕ್ಕಿ ಹೆಡ್‌ಲೈಟಿನ ಮೇಲೆ ಇಳಿದಾಗ ಹೆಂಗಸರು ಆರತಿ ಎತ್ತಿದರು. ಎಡಬಾಗಿಲಿನಿಂದ ನೆಂಟರು ಬಲಗಾಲಿಟ್ಟು ಹತ್ತಿ ಬಲಬಾಗಿಲಿನಿಂದ ಇಳಿದರು. ಊಟ ಪಂಕ್ತಿಗೆ ಏಳು ಜನರಂತೆ ನಡೆಯಿತು, ಕಂಪನಿಯವರು ಕೊಟ್ಟದ್ದೇ ಏಳು ಸೀಟು. ಮುನಿಶಾಮಿ ಎಲ್ಲರನ್ನೂ ಕರೆಕರೆದು ತೋರಿಸಿದ: "ನಮ್ ಭಾವನ್ ಮನೆ. ಖಾತೆ ಐತೆ!" ಗಾಡಿಯ ಬಾಗಿಲೇ ಮನೆಯ ಬಾಗಿಲಾದ್ದರಿಂದ, ಸ್ವಂತ ಗಾಡಿಯಲ್ಲಿ ಕರೆತಂದು ಮನೆ ಬಾಗಿಲಲ್ಲೇ ಇಳಿಸುತ್ತೇನೆಂದು ಬಾಲರಾಜು ಕೊಟ್ಟಿದ್ದ ಮಾತು ಒಂದಕ್ಷರವೂ ತಪ್ಪಲಿಲ್ಲ. ನಾಗಭೂಷಣರು ಹೋಳಿಗೆಯನ್ನೂ ಕವರನ್ನೂ ಬೇರೆ ಬೇರೆಯಾಗಿ ಸ್ವೀಕರಿಸಿದರು.

ಎಲ್ಲರೂ ಹೋದ ಮೇಲೆ ಪದ್ಮಶ್ರೀ ಮುಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಳು. "ಆದ್ರೂ ಒಂದ್ಸಲ ಇದ್ರಲ್ಲಿ ನಮ್ಮೂರಿಗೆ ಹೋಗ್ಬೇಕಿತ್ತು ಕಣ್ರೀ," ಎಂದಳು.

ಬಾಲರಾಜು ಕೀಲಿ ತಿರುಗಿಸಿದ. ಗೇರು ಬೆಣ್ಣೆಯಲ್ಲಿ ಬೆರಳಿಟ್ಟಂತೆ ಬಿತ್ತು, ಹಲ್ಲು ಕಡಿಯುವ ಸದ್ದೇ ಇಲ್ಲ. ನಾಲ್ಕೂ ಚಕ್ರಗಳು ಗಾಳಿಯಲ್ಲಿ ಗಿರ್ರನೆ ತಿರುಗಿದವು.

"ಎಲ್ಲಿಗ್ ಬಂದ್ವಿ?"

"ಯಲಹಂಕ ದಾಟಿದ್ವಿ. ಬೆಲ್ಟ್ ಹಾಕ್ಕೊ."

ಅವಳು ಬೆಲ್ಟ್ ಹಾಕಿಕೊಂಡಳು. ದೇವನಹಳ್ಳಿ ಬಂದಾಗ ಕಿಟಕಿ ಇಳಿಸಿ, ಇಲ್ಲಿ ಗಾಳಿ ಚೆನ್ನಾಗಿದೆ ಅಂದಳು. ವಿಜಯಪುರ ಮುಟ್ಟಿ, ರಾಗಿ ಹೊಲದಲ್ಲಿ ಕಾಫಿ ಕುಡಿದು, ಕತ್ತಲಾಗುವುದರೊಳಗೆ ಮನೆಗೆ ವಾಪಸ್ಸು ಬಂದರು.

ಈಗ ಆ ರಸ್ತೆಯವರೆಲ್ಲ ಭಾನುವಾರ ಹೀಗೇ ಹೋಗಿಬರುತ್ತಾರೆ. ಫಖ್ರುನ್ನೀಸಾ ಮೇಡಂ ಕೋಲಾರಕ್ಕೆ ತಂಗಿ ಮನೆಗೆ ಹೋಗಿಬರುತ್ತಾರೆ. ಎಲ್ಲೂ ಟ್ರಾಫಿಕ್ ಸಿಗುವುದಿಲ್ಲವಂತೆ. ಮೊನ್ನೆ ಬಾಲರಾಜುವಿನ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತಿಕೊಂಡಿತು, ಓಡಿದ ಕಿಲೋಮೀಟರು ಜಾಸ್ತಿಯಾಗಿ ಮನೆ ಮತ್ತೆ ಆಯಿಲ್ ಬದಲಾವಣೆಗೆ ಬಂದಿತ್ತು. ವಾರ್ಡ್ ಕಚೇರಿಗೆ ಅರ್ಜಿ ಹಾಕಿದ. ಮನೆಯ ಸಣ್ಣಪುಟ್ಟ ರಿಪೇರಿಗೆ ಅಭ್ಯಂತರವಿಲ್ಲ ಎಂದು ಉತ್ತರ ಬಂತು.

ಈ ಸಲ ಬೇಸಿನ್ನನ್ನು ಪದ್ಮಶ್ರೀಯೇ ತಂದು ಕೆಳಗಿಟ್ಟಳು. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಸ್ಪ್ಯಾನರ್ ಕೈಗೆ ಕೊಟ್ಟು ಹೇಳಿದಳು:

"ಮೊದ್ಲು ಮೇಲಿನ ಬೋಲ್ಟ್ ಬಿಚ್ಚಿ ನೋಡ್ರೀ. ಮುಖದ ಕಡೆಯಿಂದ."