ರನ್ ಪದದ ಕೊನೆಯ ದಿನ

ನಿಘಂಟು ಕಚೇರಿಯಲ್ಲೊಂದು ಪದ್ಧತಿಯಿತ್ತು. ಪದದ ಪ್ರತಿ ಅರ್ಥಕ್ಕೂ ಜನರಾಡಿದ ಒಂದು ಮಾತನ್ನು ಉದಾಹರಣೆಯಾಗಿ ಕೊಡಬೇಕು, ಆಡಿದವರ ಹೆಸರನ್ನೂ ಅಚ್ಚು ಹಾಕಬೇಕು. ಎಲ್ಲ ಅನಾಹುತಕ್ಕೂ ಅದೇ ಮೂಲ.

ಬೀದಿಯವರ ಬಾಯಲ್ಲಿ ಅರ್ಥಪ್ಪ ಎನಿಸಿಕೊಂಡಿದ್ದ ಗುಮಾಸ್ತ ಮೂರು ವರ್ಷದಿಂದ ‘ರನ್’ ಎಂಬ ಒಂದೇ ಇಂಗ್ಲಿಷ್ ಪದದೊಳಗೆ ವಾಸವಾಗಿದ್ದ. ಯಂತ್ರ ನಡೆಯುವುದು, ಅಂಗಡಿ ನಡೆಸುವುದು, ಬಟ್ಟೆ ಬಣ್ಣ ಬಿಡುವುದು ಎಲ್ಲವೂ ಅದೇ. ಚುನಾವಣೆಗೆ ನಿಂತರೂ ರನ್ನೇ ಎಂದು ತಿಳಿದ ದಿನ ಅವನಿಗೆ ತಲೆ ತಿರುಗಿತ್ತು.

ಇವತ್ತು ಐದು ಗಂಟೆಯೊಳಗೆ ಪದ ಮುಗಿಸಿ ಒಪ್ಪಿಸಿದರೆ ಒಂದು ವಾರದ ರಜೆ. ಆರೂವರೆಯ ರೈಲಿಗೆ ಎರಡು ಟಿಕೆಟ್ ಜೇಬಿನಲ್ಲಿದ್ದವು. ಮದುವೆಯಾದ ಹೊಸತರಲ್ಲಿ ಹೆಂಡತಿಗೆ ತೋರಿಸುತ್ತೇನೆಂದಿದ್ದ ಸಮುದ್ರ ಹನ್ನೊಂದು ವರ್ಷದಿಂದ ಹಾಗೇ ಕಾದಿತ್ತು. ಕಿಟಕಿಯ ಪರದೆ ಉಬ್ಬಿ ಇಳಿದಾಗಲೆಲ್ಲ ಅವನಿಗೆ ಅಲೆ ಕಾಣುತ್ತಿತ್ತು.

ಅಷ್ಟರಲ್ಲಿ, ಅಚ್ಚಿನಲ್ಲಿ ಹೆಸರು ಬರಲೆಂದು ಬೀದಿಯ ದರ್ಜಿ ಬಂದ. “ಬರ್ಕೊಳ್ಳಿ ಸ್ವಾಮಿ. ‘ನನ್ನ ಮಿಷನ್ ಎಣ್ಣೆ ಇಲ್ದೇನೇ ರನ್ ಆಗುತ್ತೆ.’ ಹೆಸರಿನ ಕೆಳಗೆ ಅಂಗಡಿ ವಿಳಾಸನೂ ಹಾಕ್ಬಿಡಿ.”

ಅರ್ಥಪ್ಪನ ಪಕ್ಕದ ಮನೆಯ ಅಜ್ಜಿ ಬಾಗಿಲಲ್ಲೇ ಸೀನಿದರು. “ಮೂಗು ರನ್ ಆಗ್ತಿದೆ ಕಣಪ್ಪ. ಇದಕ್ಕಂತಲೇ ನಾಲ್ಕು ದಿನದಿಂದ ಔಷಧಿ ತಗೊಂಡಿಲ್ಲ.”

“ಅಜ್ಜಿದು ಹಾಕಿದ್ರೆ ನಂದೂ ಹಾಕ್ಬೇಕು,” ಎಂದಳು ಟೈಪಿಸ್ಟು. “ನನಗೂ ಮೂಗಿದೆ.”

ಜನ ತಮ್ಮ ಮಾತು ಬರೆದು ತಂದ ಚೀಟಿಯನ್ನು ಓದದೆ ಬಿಡುವಂತಿರಲಿಲ್ಲ. ಚೀಟಿಗಳು ಮೇಜು ತುಂಬಿ, ಫ್ಯಾನಿನ ಗಾಳಿಗೆ ಬೆಳ್ಳಕ್ಕಿಗಳಂತೆ ಎದ್ದವು. ಅರ್ಥಪ್ಪ ಕನಸಿನಲ್ಲಿದ್ದವನಂತೆ ಒಂದೊಂದನ್ನೇ ಹಿಡಿದು ಬರೆದ. ಐದಕ್ಕೆ ಎರಡು ನಿಮಿಷವಿದ್ದಾಗ ಸಂಪಾದಕರಿಗೆ ಕಟ್ಟು ಒಪ್ಪಿಸಿದ. ಕಿವಿಯಲ್ಲಿ ಸಮುದ್ರ ಮೊರೆಯುತ್ತಿದ್ದಂತೆಯೇ ನಿಲ್ದಾಣ ಸೇರಿದ.

ರೈಲು ಆಗಲೇ ಬಂದು ನಿಂತಿತ್ತು. ಹೆಂಡತಿ ಮಾತ್ರ ಪೆಟ್ಟಿಗೆಯ ಮೇಲಿಂದ ಏಳಲಿಲ್ಲ.

“ನಂದು ಹಾಕಿದ್ರಾ?”

“ಏನು ನಿಂದು?”

“ಊಟದ ಡಬ್ಬಿಯಲ್ಲಿ ಚೀಟಿ ಇಟ್ಟಿದ್ನಲ್ಲ.”

ಬೆಳಗಿನಿಂದ ಊಟವನ್ನೇ ಮಾಡಿಲ್ಲವೆಂದು ಅರ್ಥಪ್ಪನಿಗೆ ಆಗ ನೆನಪಾಯಿತು. ಡಬ್ಬಿ ಬಿಚ್ಚಿದ. ಮುಚ್ಚಳಕ್ಕೆ ಅಂಟಿದ ಚೀಟಿಯಲ್ಲಿ ದುಂಡಗಿನ ಅಕ್ಷರಗಳಿದ್ದವು: ‘ನನ್ನ ಗಂಡ ನನ್ನೊಬ್ಬಳನ್ನು ಬಿಟ್ಟು ಎಲ್ಲದರ ಹಿಂದೆ ರನ್ ಮಾಡುತ್ತಾರೆ.’ ಕೆಳಗೆ ಅವಳ ಪೂರ್ತಿ ಹೆಸರು.

“ಚೆನ್ನಾಗಿದೆ ಕಣೇ,” ಎಂದ ಮೆಲ್ಲಗೆ. “ಬಂದ ಮೇಲೆ ಸೇರಿಸ್ತೀನಿ. ರೈಲು ಹತ್ತು.”

“ಮೂಗು ಸೋರೋ ಅಜ್ಜಿ ಪುಸ್ತಕದಲ್ಲಿ, ನಾನು ಡಬ್ಬಿಯಲ್ಲಿ. ಚೆನ್ನಾಗಿದೆ ರೀ ನ್ಯಾಯ. ಇನ್ನೂ ಅರ್ಧ ಗಂಟೆ ಇದೆ, ಸೇರಿಸಿ ಬನ್ನಿ. ಟಿಕೆಟ್ ಇಲ್ಲಿ ಕೊಡಿ, ಎಲ್ಲಾದ್ರೂ ಬೀಳಿಸ್ಕೊಂಡೀರಿ.”

ಅರ್ಥಪ್ಪ ಓಡಿದ. ಬೀಗ ಹಾಕುತ್ತಿದ್ದ ಸಂಪಾದಕರನ್ನು ತಡೆದು, ಕಟ್ಟು ಬಿಚ್ಚಿಸಿ, ಹೆಂಡತಿಯ ಹೆಸರನ್ನು ಎಲ್ಲರಿಗಿಂತ ಮೇಲೆ ಬರೆದು, ಏದುಸಿರು ಬಿಡುತ್ತ ಮರಳಿದ. ಹಳಿಗಳು ಖಾಲಿಯಾಗಿದ್ದವು. ಪೆಟ್ಟಿಗೆಯೂ ಇಲ್ಲ, ಅದರ ಮೇಲೆ ಕೂತಿದ್ದವಳೂ ಇಲ್ಲ.

ಕೂಲಿಯವನು ಒಂದು ಚೀಟಿ ಚಾಚಿದ. “ಅಮ್ಮಾವ್ರು ಕೊಟ್ಟು ಹೋದ್ರು.”

‘ರೀ, ಹನ್ನೊಂದು ವರ್ಷ ಕಾದೆ. ರೈಲಿಗೆ ಅಷ್ಟು ತಾಳ್ಮೆ ಇಲ್ಲವಂತೆ. ಸಮುದ್ರ ಹೇಗಿತ್ತೆಂದು ಬಂದು ಹೇಳುತ್ತೇನೆ.’